ಮೂರು ದಿನದ ತರಬೇತಿ, ಏಳು ಖಾಲಿ ಹಾಳೆ

ಚಳ್ಳಕೆರೆ ನಮ್ಮೂರಿಗೆ ದಕ್ಷಿಣದಲ್ಲಿದೆ. ಆದರೆ ಚಳ್ಳಕೆರೆಗೆಂದು ಹೊರಟ ನಾವು ಮೊದಲು ಉತ್ತರಕ್ಕೆ ಹೋದೆವು. ದಾರಿ ತಪ್ಪಿ ಹೋದದ್ದಲ್ಲ, ಆದೇಶದ ಪ್ರಕಾರವೇ ಹೋದದ್ದು. ಮೊಳಕಾಲ್ಮೂರಿನ ಕಚೇರಿಯೊಂದರಲ್ಲಿ ‘ನಿಯೋಜನಾ ಪತ್ರ’ ಎಂಬ ಚೀಟಿ ತೆಗೆದುಕೊಂಡು ಅಲ್ಲಿಂದ ಚಳ್ಳಕೆರೆಗೆ ಹೋಗಬೇಕಂತೆ. ಚೀಟಿ ಇಲ್ಲದವರಿಗೆ ತರಬೇತಿಯಲ್ಲಿ ಊಟದ ಕೂಪನ್ನು ಇಲ್ಲವಂತೆ. ನಮ್ಮೂರು ಇರುವುದು ಬಿ.ಜಿ. ಕೆರೆಯಿಂದ ಆರು ಕಿಲೋಮೀಟರು ಒಳಗೆ. ಅಲ್ಲಿಂದ ಮೊಳಕಾಲ್ಮೂರಿಗೆ ಇಪ್ಪತ್ತರ ಹತ್ತಿರ ಕಿಲೋಮೀಟರು. ಅಷ್ಟು ದೂರ ಹೋಗಿ, ಅಷ್ಟೇ ದೂರ ತಿರುಗಿ ಬಂದು, ಬೆಳಿಗ್ಗೆ ಬಸ್ಸು ಹತ್ತಿದ ಅದೇ ಬಿ.ಜಿ. ಕೆರೆಯನ್ನು ಕಿಟಕಿಯಿಂದ ನೋಡುತ್ತಾ ಮುಂದೆ ಹೋಗಬೇಕು. ಆಡಳಿತ ಹೇಗೆ ನಡೆಯುತ್ತದೆಂದು ಗ್ರಾಮ ಪಂಚಾಯ್ತಿಯ ಹೊಸ ಮಹಿಳಾ ಸದಸ್ಯರಿಗೆ ಕಲಿಸುವ ತರಬೇತಿ ಇದು. ಮೊದಲ ಪಾಠ ಬಸ್ಸಿನಲ್ಲೇ ಆಯಿತು.

ಅದು ತೊಂಬತ್ನಾಲ್ಕನೇ ಇಸವಿ, ದೀಪಾವಳಿ ಕಳೆದ ಮರುವಾರ. ನಾವು ಗೆದ್ದು ಆಗಲೇ ಹತ್ತು ತಿಂಗಳಾಗಿತ್ತು. ಹುಟ್ಟಿದ ಕೂಸು ಹತ್ತು ತಿಂಗಳಲ್ಲಿ ಅಂಬೆಗಾಲಿಡುತ್ತದೆ. ಸರ್ಕಾರದ ಕಾಗದದಲ್ಲಿ ಮಾತ್ರ ನಾವು ಇನ್ನೂ ‘ನೂತನವಾಗಿ ಆಯ್ಕೆಯಾದ ಸದಸ್ಯರು’. ನನ್ನ ಹೆಸರು ಗಿರಿಜಮ್ಮ. ಪಿ.ಯು.ಸಿ. ಓದಿದ್ದೇನೆ. ಮನೆಯಲ್ಲಿ ಶೇಂಗಾ ವ್ಯಾಪಾರ, ಜಮೀನು. ನನ್ನ ವಾರ್ಡು ಹೆಂಗಸರಿಗೆ ಮೀಸಲಾದ ದಿನ ನಮ್ಮ ಭಾವನವರು, ಅಂದರೆ ಯಜಮಾನರ ಅಣ್ಣ, ನಾಮಪತ್ರವನ್ನು ಅಡಿಗೆಮನೆಗೇ ಕಳಿಸಿದರು. ನಾನು ರುಜು ಹಾಕಿದೆ. ಯಾರೂ ಎದುರು ನಿಲ್ಲಲಿಲ್ಲ. ಭಾವನವರು ಬೇರೆ ವಾರ್ಡಿನಿಂದ ಗೆದ್ದು ಉಪಾಧ್ಯಕ್ಷರಾದರು.

ಅಧ್ಯಕ್ಷರಾದವರು ಓಬಮ್ಮ. ಊರಾಚೆ ಒಂದೂವರೆ ಕಿಲೋಮೀಟರು ದೂರದ ಹಟ್ಟಿಯವರು, ಐವತ್ತು ದಾಟಿದ ವಿಧವೆ, ಕೂಲಿಗೆ ಹೋಗುವವರು. ನಮ್ಮ ಹೊಲಕ್ಕೂ ಬರುತ್ತಿದ್ದರು. ವಯಸ್ಸಿನಲ್ಲಿ ನನ್ನ ತಾಯಿಯ ಸಮ, ಹುದ್ದೆಯಲ್ಲಿ ಪಂಚಾಯ್ತಿಗೇ ದೊಡ್ಡವರು. ಆದರೂ ನಾನು ಅವರನ್ನು ‘ನೀನು’ ಎನ್ನುತ್ತಿದ್ದೆ, ಅವರು ನನ್ನನ್ನು ‘ಅಮ್ಮಾರೆ’ ಎನ್ನುತ್ತಿದ್ದರು. ಇದರಲ್ಲಿ ಏನೋ ತಪ್ಪಿದೆ ಎಂದು ಆಗ ನನಗೆ ಹೊಳೆದೂ ಇರಲಿಲ್ಲ.

ನಮ್ಮ ಪಂಚಾಯ್ತಿಯಿಂದ ತರಬೇತಿಗೆ ಹೊರಟಿದ್ದವರು ನಾವಿಬ್ಬರೇ. ಮೊಳಕಾಲ್ಮೂರಿನಲ್ಲಿ ಚೀಟಿ ಕೊಡುವ ಗುಮಾಸ್ತರು ಹತ್ತೂವರೆಗೆ ಬಂದರು. ಬಂದವರು ಚೀಟಿ ಕೊಡಲಿಲ್ಲ, ಒಂದು ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ‘ಚೀಟಿ ಎಲ್ಲಾ ಚಳ್ಳಕೆರೆಗೇ ಕಳ್ಸಿದೀವಿ, ಅಲ್ಲೇ ತಗಳ್ರಿ’ ಎಂದರು. ನಾನು ಬಾಯಿಗೆ ಬಂದದ್ದು ಅಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಬೈಸಿಕೊಳ್ಳುವುದೂ ಸಂಬಳದಲ್ಲೇ ಸೇರಿದೆ ಎನ್ನುವಂತೆ ಇನ್ನೊಂದು ಪಟ್ಟಿ ತೆಗೆದರು.

ಖಾಸಗಿ ಬಸ್ಸು ಸಿಕ್ಕಿತು. ಚಳ್ಳಕೆರೆಗೆ ತಲಾ ಎಂಟು ರೂಪಾಯಿ. ನನ್ನ ಪಕ್ಕ ಸೀಟು ಖಾಲಿಯಿದ್ದರೂ ಓಬಮ್ಮ ಕೂರಲಿಲ್ಲ. ತಮ್ಮ ಗಂಟನ್ನು ನಡುವಿನ ಜಾಗದಲ್ಲಿಟ್ಟು ಅದರ ಮೇಲೆ ಕುಳಿತರು. ‘ಇಲ್ಲೇ ಬಾ, ಕೂತ್ಕ’ ಎಂದೆ. ‘ಇರ್ಲಿ ಬಿಡ್ರಿ ಅಮ್ಮಾರೆ, ಇಲ್ಲೇ ಆರಾಮೈತೆ’ ಎಂದರು. ನಾನೂ ಎರಡನೇ ಸಲ ಕರೆಯಲಿಲ್ಲ. ಹೊರಗೆ ಎರಡೂ ಕಡೆ ಶೇಂಗಾ ಕೀಳುವ ಕೆಲಸ ನಡೆದಿತ್ತು. ಬುಡಸಮೇತ ಕಿತ್ತ ಗಿಡಗಳನ್ನು ಸಾಲುಸಾಲಾಗಿ ಮಗುಚಿ ಹಾಕಿದ್ದರು. ಬದುವಿನ ಮೇಲೆ, ಜಾಲಿ ಮರದ ನೆರಳಿನಲ್ಲಿ, ಹಳೆ ಸೀರೆಯ ಜೋಲಿಗಳು ತೂಗುತ್ತಿದ್ದವು.

ಓಬಮ್ಮ ಆ ಜೋಲಿಗಳನ್ನೇ ನೋಡುತ್ತಾ ಬಂದರು. ಹೋದ ವರ್ಷ ಅಂಥದೇ ಬದುವಿನಲ್ಲಿ ಅವರ ಮೊಮ್ಮಗಳಿಗೆ ಚೇಳು ಕಡಿದಿತ್ತು. ಮಗು ಉಳಿಯಿತು. ಓಬಮ್ಮ ಚುನಾವಣೆಗೆ ನಿಂತದ್ದೇ ಆಮೇಲೆ. ಹಟ್ಟಿಗೆ ಒಂದು ಅಂಗನವಾಡಿ ಕೋಣೆ ಬೇಕು, ಹೆಂಗಸರು ಕೂಲಿಗೆ ಹೋದಾಗ ಮಕ್ಕಳು ಅಲ್ಲಿರಬೇಕು. ಇದೊಂದು ಬಿಟ್ಟು ಅವರು ಯಾವ ಭಾಷಣವನ್ನೂ ಮಾಡಿದವರಲ್ಲ. ಕೋಣೆ ಮಂಜೂರಾಗಿದೆ ಎಂಬ ಸುದ್ದಿ ಯುಗಾದಿಗೇ ಬಂದಿತ್ತು. ದೀಪಾವಳಿ ಕಳೆದರೂ ಹಟ್ಟಿಯಲ್ಲಿ ಒಂದು ಗೂಟವೂ ಬಿದ್ದಿರಲಿಲ್ಲ.

‘ಟ್ರೈನಿಂಗ್ನಾಗೆ ನಾನು ಒಂದೇ ಒಂದು ಕೇಳ್ಬೇಕ್ರಿ’ ಎಂದರು ಓಬಮ್ಮ. ‘ಪುಸ್ತಕದಾಗೆ ಹೆಬ್ಬೆಟ್ಟು ಒತ್ತೋಳು ನಾನು. ಏನಕ್ಕೆ ಒತ್ತಿಸ್ಕಂಡ್ರಿ, ಓದಿ ಹೇಳ್ರಿ ಅಂತ ಸೆಕ್ರೆಟ್ರಿನ ಕೇಳೋ ಹಕ್ಕು ನಂಗೈತಾ ಇಲ್ವಾ? ಕೇಳಿದ್ರೆ ಆಯಪ್ಪ, ನಿಂಗ್ಯಾಕಮ್ಮ ತಲೆನೋವು ಅಂತಾನೆ.’

ಕೇಳಿ ನನಗೆ ಕಾರ್ಯದರ್ಶಿಯ ಮೇಲೆ ಬಹಳ ಸಿಟ್ಟು ಬಂತು. ಪಾಪದ ಹೆಂಗಸು ಎಂದು ಎಷ್ಟು ಸದರ ಎಂದುಕೊಂಡೆ. ತಿಂಗಳಿಗೊಮ್ಮೆ ಅದೇ ಕಾರ್ಯದರ್ಶಿ ನಮ್ಮ ಮನೆಗೂ ಬರುತ್ತಿದ್ದದ್ದು, ‘ಎರಡು ರುಜು ಹಾಕಿಬಿಡ್ರಿ ಅಕ್ಕಾರೆ’ ಎಂದು ನಡಾವಳಿ ಪುಸ್ತಕ ಬಿಡಿಸಿ ಹಿಡಿಯುತ್ತಿದ್ದದ್ದು, ನಾನು ರೊಟ್ಟಿ ಹಿಟ್ಟಿನ ಕೈ ಒರೆಸಿಕೊಂಡು ಖಾಲಿ ಹಾಳೆಯ ತಳದಲ್ಲಿ ರುಜು ಹಾಕುತ್ತಿದ್ದದ್ದು, ಯಾವುದೂ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಸಭೆಯಲ್ಲಿ ಏನೇನು ನಡೆಯಿತೆಂದು ಪುಸ್ತಕದಲ್ಲಿ ಬರೆದು ಕೆಳಗೆ ರುಜು ತೆಗೆದುಕೊಳ್ಳಬೇಕು. ನಮ್ಮಲ್ಲಿ ಮೊದಲು ರುಜು, ಆಮೇಲೆ ಬರಹ, ಸಭೆ ಆದರೆ ಆಯಿತು ಇಲ್ಲದಿದ್ದರೆ ಇಲ್ಲ.

ಚಳ್ಳಕೆರೆಯಲ್ಲಿ ಇಳಿದಾಗ ಒಂದು ಗಂಟೆ. ಶೇಂಗಾ ಮಿಲ್ಲುಗಳು ಭರದಿಂದ ನಡೆಯುವ ಕಾಲ, ಇಡೀ ಊರು ಎಣ್ಣೆಯ ಘಮಲಿನಲ್ಲಿತ್ತು. ಮಾರುಕಟ್ಟೆಗೆ ಹೋಗುವ ಗಾಡಿ, ಟ್ರ್ಯಾಕ್ಟರುಗಳ ನಡುವೆ ನುಸುಳಿ ಬಂದು ಆಟೋದವರು ನಮ್ಮನ್ನು ಒಂದು ಕಲ್ಯಾಣ ಮಂಟಪದ ಮುಂದೆ ಇಳಿಸಿದರು. ಹನ್ನೊಂದಕ್ಕೆ ಎಂದಿದ್ದ ಉದ್ಘಾಟನೆ ಇನ್ನೂ ಆಗಿರಲಿಲ್ಲ. ಉದ್ಘಾಟಿಸುವವರು ಮೂರು ಗಂಟೆಗೆ ಬಂದು, ದೀಪ ಹಚ್ಚಿ, ಹೆಣ್ಣು ಅಬಲೆಯಲ್ಲ ಎಂದು ಮುಕ್ಕಾಲು ಗಂಟೆ ಹೇಳಿ ಹೋದರು. ಅಷ್ಟು ಹೊತ್ತೂ ಹೆಂಗಸರು ಜಮಖಾನೆಯ ಮೇಲಿದ್ದರು, ಅವರ ಗಂಡಂದಿರು ಕುರ್ಚಿಯ ಮೇಲಿದ್ದರು.

ಗಂಡಂದಿರ ವಿಚಾರ ಹೇಳಲೇಬೇಕು. ಗೆದ್ದ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿ ಬಂದಿರಲೇ ಇಲ್ಲ, ಗಂಡಂದಿರೇ ಬಂದಿದ್ದರು. ಬಂದ ಹೆಂಗಸರ ಜೊತೆಗೂ ಗಂಡಂದಿರು ಬಂದಿದ್ದರು. ‘ಅಧ್ಯಕ್ಷರು’, ‘ಸದಸ್ಯರು’ ಎಂದು ಅಚ್ಚು ಹಾಕಿದ ಬಣ್ಣದ ಬಿಲ್ಲೆಗಳನ್ನು ಅವರೇ ಇಸಿದುಕೊಂಡು ಜೇಬಿಗೆ ಚುಚ್ಚಿಕೊಂಡರು. ಮದುವೆ ಮಂಟಪವಾದ್ದರಿಂದ ಗಂಡಿನ ಕಡೆಯವರ ಕೋಣೆ, ಹೆಣ್ಣಿನ ಕಡೆಯವರ ಕೋಣೆ ಎಂದು ಬಾಗಿಲ ಮೇಲೇ ಬರೆದಿತ್ತು. ಮಂಚ ಇದ್ದ ಕೋಣೆ ಗಂಡಸರಿಗೆ ಹೋಯಿತು. ತರಬೇತಿ ಪಡೆಯಬೇಕಾದವರು ಇನ್ನೊಂದರಲ್ಲಿ ಚಾಪೆ ಹಾಸಿಕೊಂಡೆವು.

ಬಿಲ್ಲೆ ಹಂಚುತ್ತಿದ್ದವನು ಓಬಮ್ಮನವರನ್ನು ಕೇಳಿದ: ‘ನಿಮ್ ಕಡೆಯಿಂದ ಯಾರು ಬಂದಾರಮ್ಮಾ?’

‘ನನ್ ಕಡೆಯಿಂದ ನಾನೇ ಬಂದೀನಿ.’

ಅವನು ಬಿಲ್ಲೆ ಕೊಟ್ಟ. ಆದರೆ ಕೈಪಿಡಿ ಕೊಡಲಿಲ್ಲ. ಓದಲು ಬಾರದವರಿಗೆ ಕೈಪಿಡಿ ಯಾಕೆ, ಇರುವುದೇ ಕಡಿಮೆ ಪ್ರತಿ ಎಂದ. ಓಬಮ್ಮನವರ ಪಾಲಿನ ಕೈಪಿಡಿ ಬಿಲ್ಲೆ ಚುಚ್ಚಿಕೊಂಡ ಯಾರದೋ ಗಂಡನ ಕಂಕುಳಿಗೆ ಹೋಯಿತು. ಆತ ಮೂರು ದಿನವೂ ಅದರಲ್ಲಿ ಗಾಳಿ ಬೀಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದೆ.

ಹಾಜರಿಯೂ ಹಾಗೆಯೇ. ಮೂರೂ ದಿನದ ಹಾಜರಿಯನ್ನು ಮೊದಲ ದಿನವೇ ತೆಗೆದುಕೊಂಡರು. ಓಬಮ್ಮ ಒಂದು ಸಲ ಹೆಬ್ಬೆಟ್ಟು ಒತ್ತಿ ಕೈ ಹಿಂದಕ್ಕೆ ತೆಗೆದುಕೊಂಡರು. ‘ನಾಳೇದು, ನಾಡಿದ್ದುದು ಇವತ್ತೇ ಒತ್ತಿದ್ರೆ, ನಾಳೆ ನಾ ಬರ್ದಿದ್ರೆ?’ ಎಂದು ಕೇಳಿದರು. ‘ಬಂದಂಗೇ ಲೆಕ್ಕ’ ಎಂದ ಹಾಜರಿ ಪುಸ್ತಕ ಹಿಡಿದಿದ್ದವನು. ಹಿಂದೆ ಸಾಲು ಉದ್ದವಿತ್ತು, ಒತ್ತಿದರು. ನಾನು ಕೇಳುವ ಗೋಜಿಗೂ ಹೋಗದೆ ಮೂರು ಕಡೆ ಚೆಂದವಾಗಿ ರುಜು ಹಾಕಿದ್ದೆ.

ಎರಡನೇ ದಿನ ಬೆಳಿಗ್ಗೆ ಚಳಿಯಿತ್ತು. ಉಪ್ಪಿಟ್ಟು ಬಿಸಿಯಾಗಿತ್ತು, ಆ ದಿನದ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಅದೊಂದೇ. ಪಾಠ ಹೇಳಲು ಜಿಲ್ಲಾ ಕೇಂದ್ರದಿಂದ ಬಂದಿದ್ದ ತರಬೇತುದಾರರು ಕನ್ನಡಕ ಹಾಕಿದ, ಮೆಲುದನಿಯ ಮನುಷ್ಯ. ಗೋಡೆಯ ಮೇಲೆ ಚಿತ್ರ ತೋರಿಸುವ ಯಂತ್ರ ತಂದಿದ್ದರು. ಕರೆಂಟು ಹೋಯಿತು. ಚಿತ್ರ ಇಲ್ಲದೆಯೇ ಚಿತ್ರದ ವಿವರಣೆಯನ್ನು ಓದುತ್ತಾ ಹೋದರು. ಸ್ಥಾಯಿ ಸಮಿತಿ, ಕ್ರಿಯಾ ಯೋಜನೆ, ಮೇಲ್ವಿಚಾರಣೆ, ಅನುಪಾಲನೆ. ಪಿ.ಯು.ಸಿ. ಓದಿದ ನನಗೇ ಅರ್ಧ ತಿಳಿಯಲಿಲ್ಲ. ಮೊಳಕಾಲ್ಮೂರು ಗಡಿಯ ಕಡೆಯಿಂದ ಬಂದ ಹೆಂಗಸರು ಮನೆಯಲ್ಲಿ ತೆಲುಗು ಆಡುವವರು. ಅವರಲ್ಲೊಬ್ಬಾಕೆ ಪಕ್ಕದವಳ ಕಿವಿಯಲ್ಲಿ ‘ಏಮಂಟಾಡು?’ ಎಂದಳು. ಏನಂತಿದ್ದಾನೆ ಎಂದು. ಪಕ್ಕದವಳು ಗೊತ್ತಿಲ್ಲವೆಂದು ತಲೆಯಾಡಿಸಿದಳು.

ಓಬಮ್ಮ ಎದ್ದು ನಿಂತರು. ‘ಸಾರ್, ಒಂದು ಕೇಳ್ಬೇಕಿತ್ತು.’

‘ಪ್ರಶ್ನೋತ್ತರ ಮೂರನೇ ದಿನ ಮಧ್ಯಾಹ್ನ ಇದೆಯಮ್ಮ. ಕೂತುಕೊಳ್ಳಿ’ ಎಂದರು ತರಬೇತುದಾರರು. ಕಾರ್ಯಕ್ರಮ ಪಟ್ಟಿ ನನ್ನ ಕೈಯಲ್ಲೇ ಇತ್ತು. ಮೂರನೇ ದಿನ ಮಧ್ಯಾಹ್ನದ ಎದುರಿಗೆ ‘ಪ್ರಶ್ನೋತ್ತರ ಮತ್ತು ಸಮಾರೋಪ’ ಎಂದಿತ್ತು. ನಮ್ಮ ಕಡೆ ಸಮಾರೋಪ ಬಂದರೆ ಪ್ರಶ್ನೆಗೆ ಜಾಗ ಇರುವುದಿಲ್ಲವೆಂದು ಶಾಲೆಯ ಮಕ್ಕಳಿಗೂ ಗೊತ್ತು.

ಸಂಜೆ ಇಬ್ಬರೂ ಬಜಾರಿಗೆ ಹೋದೆವು. ಮಂಡಕ್ಕಿ, ಮೆಣಸಿನಕಾಯಿ ಬೋಂಡದ ಗಾಡಿಯ ಸಾಬರು ನಮ್ಮ ಬಿಲ್ಲೆ ನೋಡಿ ಒಂದು ಹಿಡಿ ಮಂಡಕ್ಕಿ ಜಾಸ್ತಿಯೇ ಹಾಕಿದರು. ‘ಮೆಂಬರ್ ಸಾಹೇಬ್ರಾ? ಖುಷಿ ಆಯ್ತು. ಎರಡು ದಿನ್ದಿಂದ ಏನ್ ಕಲಿಸ್ಯಾರಮ್ಮಾ?’ ಎಂದು ಕೇಳಿದರು.

‘ಕೂತ್ಕಳಾದು’ ಎಂದರು ಓಬಮ್ಮ.

ಸಾಬರು ನಕ್ಕರು, ನಾನೂ ನಕ್ಕೆ. ಓಬಮ್ಮ ನಗಲಿಲ್ಲ. ಮೂರು ದಿನ ಶೇಂಗಾ ಸುಗ್ಗಿ ಬಿಟ್ಟು ಬಂದ ಹೆಂಗಸು, ಒಂದೇ ಒಂದು ಮಾತು ಕೇಳಲು ಬಂದವರು, ಅವರಿಗೆ ನಗು ಹೇಗೆ ಬಂದೀತು?

ಮೂರನೇ ದಿನ ಬೆಳಿಗ್ಗೆಯ ಪಾಠ ‘ನಡಾವಳಿ ಬರೆಯುವ ಕ್ರಮ’. ಇದಕ್ಕಾಗಿ ಕೆಲವು ಪಂಚಾಯ್ತಿಗಳ ಕಾರ್ಯದರ್ಶಿಗಳನ್ನು ಪುಸ್ತಕ ಸಮೇತ ಕರೆಸಿದ್ದರು. ನಮ್ಮ ಕಾರ್ಯದರ್ಶಿಯೂ ಕಪ್ಪು ರೆಕ್ಸಿನ್ ಚೀಲ ಹೆಗಲಿಗೆ ಹಾಕಿಕೊಂಡು ಬಂದಿದ್ದರು. ಅವರ ಅಕ್ಷರ ನಿಜಕ್ಕೂ ಮುತ್ತು ಪೋಣಿಸಿದ ಹಾಗೆ. ಪುಸ್ತಕಗಳನ್ನೆಲ್ಲ ತಿರುವಿ ನೋಡಿದ ತರಬೇತುದಾರರು ನಮ್ಮದನ್ನು ಎತ್ತಿಹಿಡಿದರು. ‘ಇದು ಮಾದರಿ. ಒಂದು ಚಿತ್ತಿಲ್ಲ, ಒಂದು ತಿದ್ದುಪಡಿ ಇಲ್ಲ. ಈ ಪಂಚಾಯ್ತಿಯಿಂದ ಓದು ಬಲ್ಲ ಸದಸ್ಯರು ಯಾರಾದರೂ ಬಂದಿದ್ದರೆ ಒಂದು ಪುಟ ಓದಿ’ ಎಂದರು. ಕಾರ್ಯದರ್ಶಿಯ ಮುಖ ಹೆಮ್ಮೆಯಿಂದ ಅರಳಿತು. ಅವರಿಗೂ ಆ ಕ್ಷಣದಲ್ಲಿ ಹೊಳೆಯಲಿಲ್ಲ ಎಂದೇ ನನ್ನ ನಂಬಿಕೆ. ಚೆಂದ ಬರೆದಿದ್ದೇನೆ ಎಂಬುದರಲ್ಲಿ ಏನು ಬರೆದಿದ್ದೇನೆ ಎಂಬುದನ್ನು ಮರೆತಿದ್ದರು.

ನಾನು ಎದ್ದು ಹೋದೆ. ಮೈಕಿನ ಮುಂದೆ ನಿಂತದ್ದು ಜೀವನದಲ್ಲಿ ಅದೇ ಮೊದಲು. ಸೆರಗು ಸರಿಮಾಡಿಕೊಂಡು, ಬಿಡಿಸಿ ಕೊಟ್ಟ ಪುಟವನ್ನು ಸ್ಪಷ್ಟವಾಗಿ ಓದಿದೆ:

‘ಈ ದಿನದ ಸಭೆಯು ಅಧ್ಯಕ್ಷರಾದ ಶ್ರೀಮತಿ ಓಬಮ್ಮನವರ ಅಧ್ಯಕ್ಷತೆಯಲ್ಲಿ ಸೇರಿತು. ಹಟ್ಟಿಗೆ ಮಂಜೂರಾಗಿರುವ ಅಂಗನವಾಡಿ ಕೊಠಡಿಗೆ ಅಲ್ಲಿ ಸೂಕ್ತ ನಿವೇಶನ ಲಭ್ಯವಿಲ್ಲದಿರುವುದರಿಂದ, ಸದರಿ ಕೊಠಡಿಯನ್ನು ಗ್ರಾಮದ ಮುಖ್ಯ ಬೀದಿಯಲ್ಲಿ ಉಪಾಧ್ಯಕ್ಷರು ತೋರಿಸಿರುವ ಜಾಗದಲ್ಲಿ ನಿರ್ಮಿಸಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು. ಸೂಚಕರು: ಶ್ರೀಮತಿ ಗಿರಿಜಮ್ಮ.’

ನನ್ನ ಹೆಸರನ್ನು ನಾನೇ ಮೈಕಿನಲ್ಲಿ ಓದಿದೆ. ಕೆಳಗೆ ಓಬಮ್ಮನವರ ನೇರಳೆ ಹೆಬ್ಬೆಟ್ಟು, ಅದರ ಪಕ್ಕದಲ್ಲೇ ನನ್ನ ದುಂಡು ರುಜು. ಉಪಾಧ್ಯಕ್ಷರು ತೋರಿಸಿರುವ ಜಾಗ ಎಂದರೆ ನಮ್ಮ ಭಾವನವರ ಶೇಂಗಾ ಗೋದಾಮಿನ ಮಗ್ಗುಲು. ಅಲ್ಲಿ ಕಟ್ಟಿದ ಕೋಣೆಯಲ್ಲಿ ಮಕ್ಕಳಿಗಿಂತ ಮೂಟೆಗಳೇ ಹೆಚ್ಚು ದಿನ ಇರುತ್ತವೆಂದು ನಮ್ಮೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಜಮಖಾನೆಯಿಂದ ಓಬಮ್ಮ ಎದ್ದು ಬಂದರು. ‘ಇನ್ನೊಂದ್ಸಲ ಓದು’ ಎಂದರು. ಓದ್ರಿ ಅನ್ನಲಿಲ್ಲ, ಅಮ್ಮಾರೆ ಅನ್ನಲಿಲ್ಲ. ಇನ್ನೊಂದು ಸಲ ಓದಿದೆ.

‘ಸಾರ್, ಈ ಸಭೆ ಯಾವತ್ತು ಆಯ್ತಂತೆ?’

ತರಬೇತುದಾರರು ಪುಟದ ಮೇಲಿನ ತಾರೀಖು, ವಾರ ಓದಿ ಹೇಳಿದರು. ದೀಪಾವಳಿ ಹಬ್ಬದ ಹಿಂದಿನ ಸೋಮವಾರ.

‘ಆವತ್ತು ನಾನು ಶೇಂಗಾ ಕೀಳ್ತಿದ್ದೆ ಸಾರ್. ಇವಳ ಹೊಲ್ದಾಗೇ. ಮಧ್ಯಾಹ್ನ ಬುತ್ತಿ ಹೊತ್ಕಂಡು ಬಂದೋಳು ಇವಳೇ. ಮುದ್ದೆ, ಹುರುಳಿ ಸಾರು. ಕೇಳ್ರಿ, ಸುಳ್ಳಾದ್ರೆ ಹೇಳ್ಲಿ.’

ಮಂಟಪದಲ್ಲಿ ಎಲ್ಲರೂ ನನ್ನ ಮುಖ ನೋಡಿದರು. ‘ಸುಳ್ಳಲ್ಲ. ಆ ದಿನ ಸಭೆ ನಡೆದಿಲ್ಲ’ ಎಂದೆ. ನನ್ನ ದನಿ ಮೈಕಿನಲ್ಲಿ ಬೇರೆ ಯಾರದೋ ದನಿಯ ಹಾಗೆ ಕೇಳಿಸಿತು. ಕಾರ್ಯದರ್ಶಿ ಓಡಿ ಬಂದು ಪುಸ್ತಕಕ್ಕೆ ಕೈ ಚಾಚಿದರು. ನಾನು ಅದನ್ನು ಎದೆಗೆ ಒತ್ತಿ ಹಿಡಿದೆ.

ತರಬೇತುದಾರರು ಏನು ಹೇಳಿದರು ಗೊತ್ತೆ? ‘ನೋಡಿ, ಅದು ನಿಮ್ಮ ಸ್ಥಳೀಯ ವಿಚಾರ. ನಾವಿಲ್ಲಿ ಬರವಣಿಗೆಯ ಕ್ರಮವನ್ನಷ್ಟೇ ನೋಡುತ್ತಿದ್ದೇವೆ’ ಎಂದರು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಸುಳ್ಳನ್ನು ಕ್ರಮವಾಗಿ ಬರೆದರೆ ಅದು ಮಾದರಿ ನಡಾವಳಿ!

ಓಬಮ್ಮ ಜಗಳ ತೆಗೆಯಲಿಲ್ಲ. ಮೂರು ದಿನದಿಂದ ಇಟ್ಟುಕೊಂಡಿದ್ದ ಮಾತನ್ನೇ ಕೇಳಿದರು. ‘ನಂಗೆ ಓದಾಕೆ ಬರಲ್ಲ ಸಾರ್. ಹೆಬ್ಬೆಟ್ಟು ಒತ್ತಾಕೆ ಮುಂಚೆ ಓದಿ ಹೇಳು ಅಂತ ಕೇಳೋ ಹಕ್ಕು ಐತಾ, ಇಲ್ವಾ? ಐತೆ ಅಂದ್ರೆ ಐತೆ ಅನ್ರಿ, ಇಲ್ಲ ಅಂದ್ರೆ ಇಲ್ಲ ಅನ್ರಿ.’

ಆ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಮೈಕನ್ನು ಪಕ್ಕಕ್ಕೆ ತಿರುಗಿಸಿ, ಹತ್ತಿರ ಬಾಗಿ ಹೇಳಿದರು. ‘ಇದೆ ತಾಯಿ. ಓದಿಸಿಕೊಳ್ಳದೆ ಒತ್ತಲೇಬೇಡಿ. ಸಭೆ ಕರೆಯುವ ಅಧಿಕಾರವೂ ನಿಮ್ಮದೇ. ತೀರ್ಮಾನ ತಪ್ಪಾಗಿದ್ದರೆ ಸಭೆ ಕರೆದು, ಅಲ್ಲಿ ಮಾತಾಡಿ, ರದ್ದು ಮಾಡಿಸಬಹುದು.’

ಮೂರು ದಿನದಲ್ಲಿ ಆತ ಹೇಳಿದ ಉಪಯೋಗದ ಮಾತು ಅದೊಂದೇ, ಅದನ್ನೂ ಮೈಕು ತಿರುಗಿಸಿ ಹೇಳಿದರು. ಅಲ್ಲಿ ಅಷ್ಟೊಂದು ಹೆಂಗಸರು ಕೂತಿದ್ದರು. ಅವರಲ್ಲಿ ಎಷ್ಟು ಜನರ ಹೆಬ್ಬೆಟ್ಟು ಎಷ್ಟು ಖಾಲಿ ಹಾಳೆಯ ಮೇಲಿತ್ತೋ! ಅವರೆಲ್ಲರಿಗೂ ಕೇಳಬೇಕಾದ ಮಾತು ಒಬ್ಬರ ಕಿವಿಯಲ್ಲಿ ಮುಗಿದುಹೋಯಿತು. ಮೈಕನ್ನು ನಾನಾದರೂ ಇತ್ತ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ. ಆ ಸಿಟ್ಟು ನನ್ನ ಮೇಲೆಯೇ ಇದೆ.

ಓಬಮ್ಮ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಮೇಜಿನ ಮೇಲಿದ್ದ ರೆಕ್ಸಿನ್ ಚೀಲದೊಳಗೆ ಅದನ್ನು ಇಟ್ಟು, ಚೀಲವನ್ನು ಹೆಗಲಿಗೆ ಹಾಕಿಕೊಂಡರು. ಶಾಯಿಯ ಪ್ಯಾಡು, ಪಂಚಾಯ್ತಿಯ ಮೊಹರು ಎಲ್ಲಾ ಅದರೊಳಗೇ ಇದ್ದವು.

‘ಅಧ್ಯಕ್ಷರೇ, ಅದು ಕಚೇರಿ ಸ್ವತ್ತು!’ ಎಂದರು ಕಾರ್ಯದರ್ಶಿ. ಹತ್ತು ತಿಂಗಳಲ್ಲಿ ಅವರು ಓಬಮ್ಮನವರನ್ನು ಅಧ್ಯಕ್ಷರೇ ಎಂದು ಕರೆದದ್ದು ಅದೇ ಮೊದಲು.

‘ಕಚೇರಿ ಯಾರ್ದಪ್ಪಾ?’ ಎಂದು ಕೇಳಿ ಓಬಮ್ಮ ಮೆಟ್ಟಿಲಿಳಿದರು. ಸಮಾರೋಪಕ್ಕೆ ನಾವು ನಿಲ್ಲಲಿಲ್ಲ. ಪ್ರಮಾಣಪತ್ರ ಹಂಚುವಾಗ ನಮ್ಮಿಬ್ಬರ ಹೆಸರನ್ನೂ ಕರೆದಿರಬೇಕು.

ಬಸ್ ನಿಲ್ದಾಣದವರೆಗೆ ಓಬಮ್ಮ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಅಲ್ಲಿ ಆಗಲೇ ಭಾವನವರ ಜೀಪು ನಿಂತಿತ್ತು. ಶೇಂಗಾ ರೇಟು ನೋಡಲು ಮಾರುಕಟ್ಟೆಗೆ ಬಂದಿದ್ದವರಿಗೆ ಕಾರ್ಯದರ್ಶಿ ಹೇಗೋ ಸುದ್ದಿ ಮುಟ್ಟಿಸಿದ್ದರು. ಭಾವನವರು ಕೂಗಾಡುವ ಪೈಕಿಯವರಲ್ಲ. ನಗುತ್ತಲೇ ಇಳಿದು ಬಂದರು.

‘ಬಾರಮ್ಮ ಗಿರಿಜಮ್ಮ, ಜೀಪ್ನಾಗೆ ಕೂತ್ಕ. ಬಸ್ನಾಗೆ ಯಾಕೆ ನುಗ್ಗಾಡ್ತೀಯಾ. ಓಬಮ್ಮಾ, ನೀನೂ ಹಿಂದ್ಗಡೆ ಹತ್ಕ. ಆ ಚೀಲ ಇತ್ತ ಕೊಡು, ಭಾರ ಐತೆ.’

ನಮ್ಮ ಮನೆಯಲ್ಲಿ ಸೊಸೆಯಂದಿರು ಭಾವನವರ ಎದುರು ನಿಂತು ಮಾತಾಡುವುದಿಲ್ಲ. ಅವರು ಪಡಸಾಲೆಗೆ ಬಂದರೆ ನಾವು ಒಳಗೆ ಸರಿಯುತ್ತೇವೆ. ಏನಾದರೂ ಹೇಳಬೇಕಿದ್ದರೆ ಯಜಮಾನರ ಮೂಲಕ ಹೇಳಿಸುತ್ತೇವೆ. ಹದಿನಾಲ್ಕು ವರ್ಷ ಹಾಗೇ ನಡೆದಿದ್ದೇನೆ. ಓಬಮ್ಮ ಚೀಲದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಭಾವನವರನ್ನು ನೋಡಲಿಲ್ಲ, ನನ್ನನ್ನೇ ನೋಡಿದರು.

‘ಚೀಲ ಅಧ್ಯಕ್ಷರ ಹತ್ರಾನೇ ಇರ್ಲಿ ಭಾವಾರೆ. ನಾವು ಬಸ್ನಾಗೆ ಬರ್ತೀವಿ’ ಎಂದೆ. ಸೆರಗು ತಲೆಯ ಮೇಲೇ ಇತ್ತು.

ಭಾವನವರ ನಗು ಮುಖದಲ್ಲೇ ಉಳಿಯಿತು. ‘ಮನೇಗ್ ಬಾರಮ್ಮ, ಮಾತಾಡಣ’ ಎಂದು ಹೇಳಿ ಜೀಪು ಹತ್ತಿದರು.

ನಾಲ್ಕು ಗಂಟೆಯ ಸರ್ಕಾರಿ ಬಸ್ಸು ಅರ್ಧ ಖಾಲಿಯಿತ್ತು. ಓಬಮ್ಮ ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತು ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಪಕ್ಕದಲ್ಲಿ ಕೂತೆ. ಊರು ಬಿಟ್ಟು, ಮಿಲ್ಲಿನ ವಾಸನೆ ಹಿಂದಾಗಿ, ಬಯಲು ಬಂತು. ಕೊನೆಗೆ ಅವರೇ ಮಾತು ತೆಗೆದರು.

‘ನಂಗೆ ಓದಾಕೆ ಬರಲ್ಲ. ನಿಂಗೆ ಬರ್ತಿತ್ತಲ್ಲ. ನೀನ್ಯಾಕೆ ಓದ್ಲಿಲ್ಲ?’

ಮೂರು ದಿನದಿಂದ ನಾನು ಎಲ್ಲರ ಮೇಲೂ ಸಿಟ್ಟಾಗುತ್ತಾ ಬಂದಿದ್ದೆ. ಗುಮಾಸ್ತರ ಮೇಲೆ, ಬಿಲ್ಲೆಯ ಗಂಡಂದಿರ ಮೇಲೆ, ತರಬೇತುದಾರರ ಮೇಲೆ. ಹಾಳೆ ಖಾಲಿಯಿತ್ತು, ಓದಲು ಏನಿತ್ತು ಎಂದು ಬಾಯಿಗೆ ಬಂತು. ಖಾಲಿ ಹಾಳೆಗೆ ರುಜು ಯಾಕೆ ಹಾಕಿದೆ ಎಂದರೆ ಏನು ಹೇಳಲಿ? ಹಿಟ್ಟಿನ ಕೈಯಿತ್ತು ಎನ್ನಲೆ? ‘ತಪ್ಪಾಯ್ತು’ ಎಂದೆ. ಅವರು ಚೀಲದಿಂದ ಪುಸ್ತಕ ತೆಗೆದು ನನ್ನ ಕೈಗಿಟ್ಟರು.

ಪುಸ್ತಕ ಬಿಡಿಸಿದೆವು. ಬರೆದ ಪುಟಗಳು ಮುಗಿದ ಮೇಲೆ ಏಳು ಹಾಳೆ ಖಾಲಿಯಿದ್ದವು. ಪೂರ್ತಿ ಖಾಲಿಯಲ್ಲ, ಒಂದೊಂದರ ತಳದಲ್ಲೂ ನಮ್ಮೆಲ್ಲರ ರುಜು, ಹೆಬ್ಬೆಟ್ಟು ತಯ್ಯಾರಾಗಿ ಕೂತಿದ್ದವು. ಮುಂದಿನ ಏಳು ಸಭೆಗಳ ತೀರ್ಮಾನಕ್ಕೆ ನಾವು ಆಗಲೇ ಒಪ್ಪಿಯಾಗಿತ್ತು. ಕೈಪಿಡಿಯ ಜೊತೆ ಕೊಟ್ಟಿದ್ದ ಪೆನ್ನು ತೆಗೆದು ಒಂದೊಂದೇ ಹಾಳೆಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ‘ರದ್ದು’ ಎಂದು ಬರೆದೆ. ತಳುಕು ದಾಟುವ ಹೊತ್ತಿಗೆ ರಸ್ತೆ ಕೆಟ್ಟಿತ್ತು. ಬಸ್ಸು ಕುಲುಕಿದಾಗಲೆಲ್ಲ ಗೆರೆ ಸೊಟ್ಟಗಾಯಿತು. ಒಂದು ಚಿತ್ತಿಲ್ಲದ ಆ ಮಾದರಿ ಪುಸ್ತಕ ನೋಡುವಂತಿರಲಿಲ್ಲ. ಓಬಮ್ಮ ಪ್ರತಿ ಹಾಳೆಗೂ ಬೆರಳಿಟ್ಟು ಎಣಿಸಿದರು.

‘ಅಂಗನವಾಡಿ ಪುಟಾನೂ ಹೊಡೆದಾಕು.’

‘ಅದನ್ನ ಪೆನ್ನಲ್ಲಿ ಹೊಡೆಯೋಕೆ ಬರಲ್ಲ. ಸಭೆ ಕರೆದು ರದ್ದು ಮಾಡ್ಬೇಕು. ನೀವು ಕರೀಬೇಕು’ ಎಂದೆ. ನೀವು ಎಂದದ್ದನ್ನು ಅವರು ಗಮನಿಸಿದಂತೆ ಕಾಣಲಿಲ್ಲ.

‘ಕರೀತೀನಿ. ಸೋಮವಾರಾನೇ ಕರೀತೀನಿ. ನಿಮ್ ಭಾವನ ಎದ್ರಿಗೆ ನೀ ಕೈ ಎತ್ತೀಯಾ?’

‘ಎತ್ತುತೀನಿ.’

ಓಬಮ್ಮ ಹೊರಗೆ ನೋಡಿದರು. ಹೊಲಗಳಲ್ಲಿ ಹೆಂಗಸರು ಮನೆಗೆ ಹೊರಡುವ ಹೊತ್ತು. ಬದುವಿನ ಜೋಲಿಗಳನ್ನು ಬಿಚ್ಚಿ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು.

‘ಬಾಯಿ ಮಾತು ಬ್ಯಾಡ’ ಎಂದರು. ‘ಬರೀ. ಸೋಮವಾರ ಸಭೆ ಐತೆ, ಹಟ್ಟಿ ಕೋಣೆ ಹಟ್ಟಿಗೇ ಆಗ್ಬೇಕು, ಹಂಗಂತ ಗಿರಿಜಮ್ಮ ಕೇಳ್ತಾಳೆ ಅಂತ ಬರೀ.’

ಒಂದೂ ರುಜು ಇಲ್ಲದ, ನಿಜಕ್ಕೂ ಖಾಲಿಯಾದ ಹಾಳೆ ಹುಡುಕಿ ಬರೆದೆ. ಬರೆದು, ಅಭ್ಯಾಸಬಲದಿಂದ ಪೆನ್ನನ್ನು ಹಾಳೆಯ ತಳಕ್ಕೆ ಒಯ್ದೆ. ಓಬಮ್ಮ ನನ್ನ ಮಣಿಕಟ್ಟು ಹಿಡಿದರು. ಶೇಂಗಾ ಕಿತ್ತು ಕಿತ್ತು ಕಲ್ಲಾದ ಅಂಗೈ.

‘ತಡಿ. ಮೊದ್ಲು ಓದು.’

ಬಸ್ಸಿನ ಸದ್ದಿಗೆ ಕೇಳಿಸುವಂತೆ ದನಿ ಎತ್ತರಿಸಿ ಓದಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ‘ಇನ್ನೊಂದ್ಸಲ’ ಎಂದರು ಓಬಮ್ಮ. ಇನ್ನೊಂದು ಸಲ ಓದಿದೆ. ಆಮೇಲೆ ಅವರು ಚೀಲದಿಂದ ಶಾಯಿಯ ಪ್ಯಾಡು ತೆಗೆದು, ಬಸ್ಸು ಬಿ.ಜಿ. ಕೆರೆಯಲ್ಲಿ ನಿಲ್ಲುವವರೆಗೆ ಕಾದು, ಹಾಳೆ ಅಲುಗದ ಹೊತ್ತು ನೋಡಿ ಹೆಬ್ಬೆಟ್ಟು ಒತ್ತಿದರು. ಕಂಡಕ್ಟರು ಇಳೀರಮ್ಮಾ ಎಂದು ಕೂಗುತ್ತಿದ್ದ. ಇಳಿಯುವ ಮುಂಚೆ ನಾನು ಕೆಳಗೆ ರುಜು ಹಾಕಿದೆ. ಹತ್ತು ತಿಂಗಳಲ್ಲಿ ನಾನು ಓದಿ ಹಾಕಿದ ಮೊದಲ ರುಜು ಅದು.